ಮನೆವಾರ್ತೆ ಮತ್ತು ಲೋಕವಾರ್ತೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ಅರಸರು, ದಂಡನಾಯಕರು, ಮಂತ್ರಿಗಳು. ಕೋಟೆಗಳು ಎದ್ದುದನ್ನೂ ಬಿದ್ದುದನ್ನೂ, ಗಡಿಗಳು ಹಿಗ್ಗಿದುದನ್ನೂ ಕುಗ್ಗಿದುದನ್ನೂ ಶಾಸನಗಳು ಮತ್ತು ಗ್ರಂಥಗಳು ಎಚ್ಚರದಿಂದ ಕಾಪಾಡಿಕೊಂಡು ಬಂದಿವೆ. ಆದರೆ ದಂಡಿಗೆ ಹೊರಟ ಯೋಧನ ಬುತ್ತಿಗೆ ರೊಟ್ಟಿ ತಟ್ಟಿದವರು ಯಾರು? ಅವನು ಹಿಂದಿರುಗದೆ ಹೋದಾಗ ಆ ಮನೆಯ ಒಲೆ ಹೇಗೆ ಉರಿಯಿತು? ಬರಗಾಲದ ವರ್ಷದಲ್ಲಿ ತಾಯಿಯೊಬ್ಬಳು ಒಂದು ಸೇರು ಜೋಳವನ್ನು ಐದು ಮಕ್ಕಳಿಗೆ ಹೇಗೆ ಹಂಚಿದಳು? ಇಂತಹ ಪ್ರಶ್ನೆಗಳಿಗೆ ಶಾಸನಗಳಲ್ಲಿ ಉತ್ತರ ದೊರೆಯುವುದು ಅಪರೂಪ.

ಕನ್ನಡದಲ್ಲಿ ‘ಮನೆವಾರ್ತೆ’ ಎಂಬ ಸೊಗಸಾದ ಮಾತೊಂದುಂಟು. ಮನೆಯ ಆಗುಹೋಗು, ಮನೆಯ ಕೆಲಸಕಾರ್ಯ, ಸಂಸಾರದ ನಿರ್ವಹಣೆ ಎಂಬುದು ಅದರ ಅರ್ಥ. ‘ವಾರ್ತೆ’ ಎಂದರೆ ಸುದ್ದಿಯೂ ಹೌದು. ಲೋಕದ ವಾರ್ತೆಯನ್ನು ಬರೆಯುವವರು ಎಲ್ಲ ಕಾಲದಲ್ಲಿಯೂ ಇದ್ದರು. ಮನೆಯ ವಾರ್ತೆಯನ್ನು ಬರೆಯಬೇಕಾದವರು ಮನೆಯನ್ನು ನಡೆಸುವವರೇ ಅಲ್ಲವೆ? ಆ ಕೈಗಳಲ್ಲಿ ಸೌಟು ಇದ್ದಿತು, ಒನಕೆ ಇದ್ದಿತು, ಕುಡುಗೋಲು ಇದ್ದಿತು. ಲೇಖನಿ ಮಾತ್ರ ಇರಲಿಲ್ಲ. ಕನ್ನಡ ನಾಡಿನಲ್ಲಿ ಆ ಲೇಖನಿ ಹೆಣ್ಣಿನ ಕೈಗೆ ಬಂದ ಬಗೆಯನ್ನೂ, ಅದು ಬಂದುದರಿಂದ ನಾಡಿಗೆ ಆದ ಲಾಭವನ್ನೂ ತಿಳಿಯುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಅವಶ್ಯಕ.

ಹೆಣ್ಣುಮಕ್ಕಳು ತಮ್ಮ ಅನುಭವವನ್ನು ಮಾತಿನಲ್ಲಿ ಹಿಡಿದಿಟ್ಟುದು ಇಂದು ನಿನ್ನೆಯ ಸಂಗತಿಯಲ್ಲ. ೧೨ನೆಯ ಶತಮಾನದ ಶರಣರ ಚಳವಳಿಯಲ್ಲಿ ಅಕ್ಕಮಹಾದೇವಿಯೇ ಮೊದಲಾಗಿ ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರು ಕಾಣಿಸಿಕೊಂಡರು. ಅವರಲ್ಲಿ ಅನೇಕರು ದುಡಿದು ಉಣ್ಣುವವರು. ಆಯ್ದಕ್ಕಿ ಲಕ್ಕಮ್ಮನ ಪತಿ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅಂದಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಅವನು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ದಿಟ್ಟೆ ಲಕ್ಕಮ್ಮ. ಕದಿರೆ ರೆಮ್ಮವ್ವೆ ನೂಲುವ ಕಾಯಕದವಳು. ಕೈಯಲ್ಲಿದ್ದ ರಾಟೆಯನ್ನೇ ಅವಳು ತನ್ನ ಅರಿವಿಗೆ ಉಪಮೆಯಾಗಿ ಮಾಡಿಕೊಂಡಳು. ೧೭ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ-ಅಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು. ಸಂಚಿಯ ಹೊನ್ನಮ್ಮ ಎಂಬ ಅವಳ ಹೆಸರಿನಲ್ಲಿ ಅವಳ ಊಳಿಗವೂ ಸೇರಿಕೊಂಡಿದೆ.

ಇವರಾದರೋ ಹೆಸರು ಉಳಿದವರು. ಹೆಸರು ಉಳಿಯದವರ ಸಂಖ್ಯೆಗೆ ಲೆಕ್ಕವಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ನೆನಪು, ಅತ್ತೆಯ ಮನೆಯ ಕಷ್ಟ, ಅಣ್ಣನ ಬರವು, ಮಳೆಯ ತಡ, ಹೊಲದ ಬೆಳೆ ಇವನ್ನೆಲ್ಲ ತ್ರಿಪದಿಗಳಲ್ಲಿ ಹಾಡಿದ ಗರತಿಯರು ಆ ಕಾಲದ ನಿತ್ಯಜೀವನದ ಬರಹಗಾರರೇ ಸರಿ. ಬರೆದುಕೊಳ್ಳಲು ಅವರಿಗೆ ಅಕ್ಷರ ಇರಲಿಲ್ಲ, ಅಷ್ಟೆ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಊರಿನ ಗೆಳೆಯರು ಅಂತಹ ಹಾಡುಗಳನ್ನು ಕೇಳಿ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಆ ಗೆಳೆಯರು ಅಂದು ಶ್ರಮ ವಹಿಸದೆ ಇದ್ದಿದ್ದರೆ, ಹಿಟ್ಟಿನ ಗಿರಣಿಗಳು ಬಂದು ಬೀಸುವ ಕಲ್ಲು ಮೂಲೆ ಸೇರಿದೊಡನೆ ಆ ಹಾಡುಗಳೂ ಮೌನವಾಗುತ್ತಿದ್ದುವು. ಬಾಯಿಂದ ಬಾಯಿಗೆ ಬಂದ ಮಾತು ಬಾಯಿ ಮುಚ್ಚಿದೊಡನೆ ಅಳಿಯುತ್ತದೆ. ಬರೆದಿಟ್ಟ ಮಾತಿಗೆ ಆಯುಷ್ಯ ಹೆಚ್ಚು.

ಹಾಗಾದರೆ ಹೆಣ್ಣುಮಕ್ಕಳು ತಾವೇ ಏಕೆ ಬರೆಯಲಿಲ್ಲ? ೧೯೦೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಓದುಬರಹ ಬಲ್ಲ ಸ್ತ್ರೀಯರು ನೂರಕ್ಕೆ ಒಬ್ಬರೂ ಇರಲಿಲ್ಲ. ಹೆಣ್ಣು ಅಕ್ಷರ ಕಲಿತರೆ ವಿಧವೆಯಾಗುತ್ತಾಳೆ ಎಂಬ ಮೂಢನಂಬಿಕೆ ದೇಶದ ಹಲವು ಭಾಗಗಳಲ್ಲಿ ಬೇರೂರಿದ್ದಿತು. ಬಂಗಾಳದ ರಾಸಸುಂದರೀ ದೇವಿಯ ಕಥೆ ಇಲ್ಲಿ ನೆನೆಯತಕ್ಕದ್ದು. ೧೯ನೆಯ ಶತಮಾನದಲ್ಲಿ ದೊಡ್ಡ ಸಂಸಾರವೊಂದರ ಅಡುಗೆಯ ಭಾರವನ್ನೆಲ್ಲ ಹೊತ್ತಿದ್ದ ಆಕೆಗೆ ಓದಬೇಕೆಂಬ ಹಂಬಲ. ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗನು ತಾಳೆಗರಿಯ ಮೇಲೆ ತಿದ್ದಿದ ಅಕ್ಷರಗಳೊಡನೆ ಅದರ ಅಕ್ಷರಗಳನ್ನು ಹೋಲಿಸಿ ನೋಡಿ, ಯಾರಿಗೂ ತಿಳಿಯದಂತೆ ಆಕೆ ಓದಲು ಕಲಿತಳು. ಮುಂದೆ ಆಕೆ ಬರೆದ ‘ಆಮಾರ್ ಜೀಬನ್’ ಎಂಬ ಪುಸ್ತಕ ಬಂಗಾಳಿ ಭಾಷೆಯ ಮೊತ್ತಮೊದಲ ಆತ್ಮಕಥೆ ಎಂದು ಹೆಸರಾಯಿತು. ಅರಸನಲ್ಲ, ಪಂಡಿತನಲ್ಲ, ಅಡುಗೆಮನೆಯ ಗೃಹಿಣಿಯೊಬ್ಬಳು ಒಂದು ಭಾಷೆಗೆ ಆತ್ಮಕಥೆಯ ಬಾಗಿಲನ್ನು ತೆರೆದಳು!

ಕನ್ನಡದಲ್ಲಿ ಇಂತಹ ಬಾಗಿಲನ್ನು ತೆರೆದವರು ನಂಜನಗೂಡು ತಿರುಮಲಾಂಬಾ ಅವರು. ಅವರು ೧೮೮೭ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಆ ಕಾಲದ ರೂಢಿಯಂತೆ ಸುಮಾರು ಹತ್ತನೆಯ ವಯಸ್ಸಿನಲ್ಲಿ ತಿರುಮಲಾಂಬಾ ಅವರ ವಿವಾಹ ನೆರವೇರಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರು ಪತಿಯನ್ನು ಕಳೆದುಕೊಂಡರು. ಬಾಲವಿಧವೆಯ ಬಾಳು ಅಂದು ಎಷ್ಟು ಕಠಿಣವಾಗಿದ್ದಿತೆಂಬುದನ್ನು ಇಂದಿನ ಮಕ್ಕಳು ಊಹಿಸುವುದೂ ಕಷ್ಟ. ಮಂಗಳಕಾರ್ಯಗಳಲ್ಲಿ ಅವಳಿಗೆ ಸ್ಥಾನವಿಲ್ಲ, ಒಳ್ಳೆಯ ಬಟ್ಟೆಯಿಲ್ಲ, ಹಿತ್ತಿಲ ಬಾಗಿಲಿನಿಂದಾಚೆಗೆ ಲೋಕವಿಲ್ಲ. ಆದರೆ ತಿರುಮಲಾಂಬಾ ಅವರ ತಂದೆ ಮಗಳ ದುಃಖವನ್ನು ಕಂಡು ಹಣೆಬರಹವೆಂದು ಕೈಕಟ್ಟಿ ಕೂರಲಿಲ್ಲ. ಅವಳ ಕೈಗೆ ಪುಸ್ತಕವನ್ನು ಕೊಟ್ಟರು. ಮನೆಯೇ ಶಾಲೆಯಾಯಿತು. ಕನ್ನಡವಲ್ಲದೆ ತಮಿಳು, ತೆಲುಗು ಭಾಷೆಗಳ ಗ್ರಂಥಗಳನ್ನೂ ಅವರು ಓದಿದರು. ಓದು ಬರಹಕ್ಕೆ ಪ್ರೇರಣೆಯಾಯಿತು.

ಬರೆದರೆ ಸಾಲದು, ಅದು ಇನ್ನೊಬ್ಬರ ಕೈ ಸೇರಬೇಕು. ಹೆಂಗಸೊಬ್ಬಳ ಬರವಣಿಗೆಯನ್ನು ಅಚ್ಚು ಹಾಕಿಸಲು ಮುಂದೆ ಬರುವವರು ಅಂದು ಎಷ್ಟು ಮಂದಿ? ತಿರುಮಲಾಂಬಾ ಅವರು ಇನ್ನೊಬ್ಬರ ದಾರಿ ಕಾಯಲಿಲ್ಲ. ೧೯೧೩ರಲ್ಲಿ ‘ಸತೀಹಿತೈಷಿಣೀ ಗ್ರಂಥಮಾಲೆ’ ಎಂಬ ಪ್ರಕಟಣ ಸಂಸ್ಥೆಯನ್ನು ತಾವೇ ಆರಂಭಿಸಿ, ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಹೊರತಂದರು. ಅದರ ಹಿಂದೆಯೇ ಕಾದಂಬರಿ, ನಾಟಕ, ಪ್ರಬಂಧಗಳು ಒಂದಾದ ಮೇಲೊಂದು ಬಂದುವು. ಅನಂತರದ ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ ಇತರ ಸ್ತ್ರೀಯರನ್ನೂ ಬರೆಯುವಂತೆ ಹುರಿದುಂಬಿಸಿದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂಬ ಕೀರ್ತಿಗೆ ಅವರು ಪಾತ್ರರಾದುದು ಹೀಗೆ.

ಅವರ ಕಾದಂಬರಿಗಳಲ್ಲಿ ಪಾತಿವ್ರತ್ಯದ ಆದರ್ಶ ಎದ್ದು ಕಾಣುತ್ತದೆ. ಇಂದಿನ ಓದುಗರಿಗೆ ಅದು ಹಳೆಯ ಮಾತೆನಿಸಬಹುದು. ಆದರೆ ಒಬ್ಬ ಲೇಖಕಿಯನ್ನು ಅಳೆಯುವಾಗ ಅವರು ನಿಂತ ನೆಲವನ್ನೂ ನೋಡಬೇಕು. ವಿಧವೆಯ ಮುಖವನ್ನು ಕಂಡರೆ ಅಪಶಕುನವೆಂದು ಜನ ಭಾವಿಸುತ್ತಿದ್ದ ಕಾಲದಲ್ಲಿ, ಅಂತಹ ಒಬ್ಬ ತರುಣಿ ಬರೆದ ಪುಸ್ತಕ ಗೃಹಿಣಿಯರ ಕೈಯಲ್ಲಿ ತೆರೆದುಕೊಂಡಿತು. ಮನೆಯೊಳಗೆ ಕಾಲಿಡಬಾರದೆಂದವರ ಮನೆಯೊಳಗೆ ಅವರ ಮಾತು ಕಾಲಿಟ್ಟಿತು. ಇದು ಸಣ್ಣ ವಿಜಯವಲ್ಲ.

ಆ ದಿನಗಳಲ್ಲಿ ಪತ್ರಿಕೆಯನ್ನು ನಡೆಸುವುದೆಂದರೆ ಎಂತಹ ಕೆಲಸವೆಂಬುದನ್ನು ಕೊಂಚ ವಿವರವಾಗಿ ತಿಳಿಯಬೇಕು. ಲೇಖನಗಳು ಅಂಚೆಯಲ್ಲಿ ಕೈಬರಹದ ರೂಪದಲ್ಲಿ ಬರುತ್ತಿದ್ದುವು. ಸಂಪಾದಕರು ಅವನ್ನು ಓದಿ, ತಿದ್ದಿ, ಮುದ್ರಣಾಲಯಕ್ಕೆ ಕಳುಹಿಸಬೇಕು. ಅಲ್ಲಿ ಕೆಲಸಗಾರರು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಸಾಲು ಸಾಲಾಗಿ ಜೋಡಿಸುವರು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳಿರುವುದರಿಂದ ಮೊಳೆಗಳ ಸಂಖ್ಯೆ ಬಹಳ. ತಪ್ಪು ನುಸುಳುವ ಸಂಭವವೂ ಅಷ್ಟೇ ಹೆಚ್ಚು. ಆದುದರಿಂದ ಕರಡಚ್ಚನ್ನು ತೆಗೆದು, ಓದಿ, ತಿದ್ದಿ ಕೊಟ್ಟ ಮೇಲೆಯೇ ಅಚ್ಚು. ಬಳಿಕ ಹಾಳೆಗಳನ್ನು ಮಡಚುವುದು, ಹೊಲಿಯುವುದು, ವಿಳಾಸ ಬರೆಯುವುದು, ಅಂಚೆಗೆ ಹಾಕುವುದು. ಇಷ್ಟಾದ ಮೇಲೆ ಚಂದಾಹಣ ಬಂದೀತೆಂಬ ಭರವಸೆಯಿಲ್ಲ. ಚಂದಾದಾರರು ಹಣ ಕಳುಹಿಸಲು ತಡಮಾಡಿದರೆ ಮುಂದಿನ ತಿಂಗಳ ಕಾಗದಕ್ಕೆ ದುಡ್ಡಿಲ್ಲ. ಅನೇಕ ಪತ್ರಿಕೆಗಳು ಹುಟ್ಟಿದ ಒಂದೆರಡು ವರ್ಷಗಳಲ್ಲಿಯೇ ಕಣ್ಣು ಮುಚ್ಚುತ್ತಿದ್ದುದಕ್ಕೆ ಕಾರಣ ಇದೇ.

ಇಂತಹ ಸನ್ನಿವೇಶದಲ್ಲಿ ಒಂದು ಮಾಸಪತ್ರಿಕೆಯನ್ನು ಸುಮಾರು ನಾಲ್ಕು ದಶಕಗಳ ಕಾಲ ನಡೆಸಿದವರು ಆರ್. ಕಲ್ಯಾಣಮ್ಮನವರು. ೧೯೨೧ರಲ್ಲಿ ಬೆಂಗಳೂರಿನಲ್ಲಿ ಅವರು ‘ಸರಸ್ವತಿ’ಯನ್ನು ಆರಂಭಿಸಿದರು. ಮಕ್ಕಳ ಆಟಪಾಠಗಳಿಗಾಗಿ ೧೯೩೮ರಲ್ಲಿ ‘ಅಖಿಲ ಕರ್ನಾಟಕ ಮಕ್ಕಳ ಕೂಟ’ವನ್ನು ಸ್ಥಾಪಿಸಿದವರೂ ಅವರೇ. ‘ಸರಸ್ವತಿ’ಯಂತಹ ಪತ್ರಿಕೆಗಳ ಮಹತ್ವ ಅವುಗಳ ಪುಟಸಂಖ್ಯೆಯಲ್ಲಿಲ್ಲ. ಮನೆಯೊಳಗಿನ ಪ್ರಶ್ನೆಯೂ ಸಾರ್ವಜನಿಕ ಚರ್ಚೆಗೆ ಯೋಗ್ಯವಾದ ಪ್ರಶ್ನೆಯೆಂದು ಅವು ತೋರಿಸಿಕೊಟ್ಟುವು. ಮಗುವಿನ ಪಾಲನೆ, ರೋಗಿಯ ಶುಶ್ರೂಷೆ, ಹೆಣ್ಣಿನ ಓದು, ಮದುವೆಯ ವಯಸ್ಸು ಇವೆಲ್ಲ ಅದುವರೆಗೆ ‘ಹೆಂಗಸರ ಮಾತು’ ಎಂದು ತಳ್ಳಿಹಾಕಲ್ಪಟ್ಟಿದ್ದುವು. ಅಚ್ಚಾದ ಮೇಲೆ ಅವು ದೇಶದ ಮಾತಾದುವು.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಮನೆವಾರ್ತೆಯೂ ಲೋಕವಾರ್ತೆಯೂ ಒಂದೇ ಹೊಸ್ತಿಲಲ್ಲಿ ಸಂಧಿಸಿದುವು. ಕೊಡಗಿನ ಗೌರಮ್ಮನವರ ಜೀವನವೇ ಇದಕ್ಕೆ ನಿದರ್ಶನ. ೧೯೧೨ರಲ್ಲಿ ಜನಿಸಿದ ಅವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆಯುತ್ತಿದ್ದರು. ೧೯೩೪ರಲ್ಲಿ ಗಾಂಧೀಜಿಯವರು ಹರಿಜನೋದ್ಧಾರದ ಕಾರ್ಯಕ್ಕಾಗಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಕುಳಿತರು. ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಅದೇ ಗೌರಮ್ಮ ತಮ್ಮ ಕಥೆಗಳಲ್ಲಿ ವಿಧವೆಯ ಕಣ್ಣೀರನ್ನೂ, ವಂಚನೆಗೊಳಗಾದ ಹೆಣ್ಣಿನ ಬವಣೆಯನ್ನೂ ಚಿತ್ರಿಸಿದರು. ಅವರ ಒಂದು ಕಥೆಯ ಹೆಸರೇ ‘ಅಪರಾಧಿ ಯಾರು?’ ಎಂದು. ತಪ್ಪನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟುವ ಸಮಾಜವನ್ನು ಆ ಎರಡು ಪದಗಳು ನಿಲ್ಲಿಸಿ ಕೇಳುತ್ತವೆ. ಮೂವತ್ತು ವರ್ಷ ತುಂಬುವ ಮೊದಲೇ ಈಜಲು ಹೋಗಿ ನೀರಿನ ಪಾಲಾದ ಆ ಲೇಖಕಿಯ ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳಾಗಿ ಉಳಿದಿವೆ.

ನಿತ್ಯಜೀವನವನ್ನು ಬರೆಯುವುದರಲ್ಲಿ ಒಂದು ವಿಶೇಷ ತೊಡಕುಂಟು. ಅರಸನನ್ನು ಕುರಿತು ಬರೆದರೆ ನೆರೆಮನೆಯವರು ನೊಂದುಕೊಳ್ಳುವುದಿಲ್ಲ. ಮನೆಯ ಮಾತನ್ನು ಬರೆದರೆ ಮನೆಯವರೇ ಮುನಿಯಬಹುದು. ಈ ಅಳುಕಿನಿಂದ ಬರೆದುದನ್ನು ಹಿಂದಕ್ಕೆ ಪಡೆದವರೂ, ಹೆಸರನ್ನು ಮರೆಮಾಡಿಕೊಂಡವರೂ ಉಂಟು. ಉಡುಪಿಯ ಸರಸ್ವತಿಬಾಯಿ ರಾಜವಾಡೆಯವರು ‘ಗಿರಿಬಾಲೆ’ ಎಂಬ ಹೆಸರಿನಿಂದ ಬರೆದರು. ಕುಂದಾಪುರದ ಜಾನಕಿ ಎಂಬ ತರುಣಿ ‘ಸುಧಾ’ ವಾರಪತ್ರಿಕೆಗೆ ಕಥೆಯೊಂದನ್ನು ಕಳುಹಿಸಿ, ಅದು ನಿಜಜೀವನದಿಂದ ಬಂದ ಕಥೆಯಾದುದರಿಂದ ಪ್ರಕಟಿಸಬಾರದೆಂದು ಬಳಿಕ ಕೇಳಿಕೊಂಡರಂತೆ. ಸಂಪಾದಕರು ಕಥೆಯನ್ನು ಬಿಡಲೂ ಇಲ್ಲ, ಲೇಖಕಿಯನ್ನು ಸಂಕಟಕ್ಕೆ ಸಿಲುಕಿಸಲೂ ಇಲ್ಲ; ‘ವೈದೇಹಿ’ ಎಂಬ ಹೆಸರಿಟ್ಟು ಪ್ರಕಟಿಸಿದರು. ಆ ಹೆಸರೇ ಸ್ಥಿರವಾಯಿತು. ಕುಂದಾಪುರದ ಆಡುನುಡಿಯ ಸೊಗಸನ್ನು, ಅಲ್ಲಿನ ಹೆಂಗಸರ ಒಳಮಾತನ್ನು ಕನ್ನಡಕ್ಕೆ ತಂದ ವೈದೇಹಿಯವರಿಗೆ ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಬರೆಯುವುದಕ್ಕೆ ಹೆಚ್ಚಿನ ಶಾಲಾಶಿಕ್ಷಣವೂ, ಚಿಕ್ಕ ವಯಸ್ಸೂ ಬೇಕೇ ಬೇಕೆಂದೇನೂ ಇಲ್ಲ. ತೀರ್ಥಹಳ್ಳಿಯಲ್ಲಿ ೧೯೧೭ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರಿಗೆ ದೊರೆತ ಶಾಲಾಶಿಕ್ಷಣ ಅತ್ಯಲ್ಪ. ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಸಂಸಾರವನ್ನು ತೂಗಿಸಿದ ಅವರು ಕಾದಂಬರಿಗಳ ಲೋಕಕ್ಕೆ ಕಾಲಿಟ್ಟುದು ನಡುವಯಸ್ಸಿನಲ್ಲಿ. ‘ತುಂಗಭದ್ರ’ ಪ್ರಕಟವಾದುದು ೧೯೬೩ರಲ್ಲಿ. ೧೯೭೬ರ ‘ಫಣಿಯಮ್ಮ’ ಅವರ ಬಂಧುವರ್ಗದಲ್ಲಿಯೇ ಬಾಳಿದ್ದ ಬಾಲವಿಧವೆಯೊಬ್ಬರ ನಿಜಜೀವನದ ಕಥೆ. ಆ ವೃದ್ಧೆ ತಮ್ಮ ಬಾಳನ್ನು ಇಂದಿರಾ ಅವರ ತಾಯಿಗೆ ಹೇಳಿದ್ದರು; ತಾಯಿ ಮಗಳಿಗೆ ಹೇಳಿದರು; ಮಗಳು ನಾಡಿಗೆ ಹೇಳಿದರು. ಮೂರು ತಲೆಮಾರುಗಳ ಹೆಂಗಸರ ಪಿಸುಮಾತು ಹೀಗೆ ಒಂದು ಗ್ರಂಥವಾಯಿತು. ಮಲೆನಾಡಿನ ಮನೆಗಳ ಬಾಣಂತಿಕೋಣೆ, ಹಬ್ಬದ ಅಡುಗೆ, ಮಡಿಯ ಕಟ್ಟುಪಾಡು, ಕೇಶಮುಂಡನದ ಕ್ರೌರ್ಯ ಇವುಗಳ ವಿವರ ಬೇಕಾದವರು ಇಂದು ಆ ಕಾದಂಬರಿಯನ್ನು ನೋಡಬೇಕು.

ಕಾಲ ಸರಿದಂತೆ ಹೊಸ ಹೊಸ ಮನೆಗಳ ಬಾಗಿಲುಗಳು ತೆರೆದುವು. ೧೯೭೯ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾಯಿತು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ೧೯೮೦ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು, ಕರಾವಳಿಯ ಮುಸ್ಲಿಂ ಕುಟುಂಬದ ಹೆಣ್ಣಿನ ದುಃಖವನ್ನು ಕನ್ನಡ ಓದುಗರ ಮನೆಮಾತಾಗಿಸಿತು. ಅದೇ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ ಹಾಸನದ ಬಾನು ಮುಷ್ತಾಕ್ ಅವರು ಮುಂದೆ ವಕೀಲರಾಗಿ ಹೆಂಗಸರ ಅಳಲನ್ನು ಆಲಿಸಿದರು. ಆಲಿಸಿದುದು ಅವರ ಕಥೆಗಳಿಗೆ ಜೀವಾಳವಾಯಿತು. ದೀಪಾ ಭಾಸ್ತಿಯವರು ಆ ಕಥೆಗಳನ್ನು ಆಯ್ದು ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದುದು ಅದೇ ಮೊದಲು. ಹಾಸನದ ಓಣಿಯ ಮನೆವಾರ್ತೆ ಹೀಗೆ ಅಕ್ಷರಶಃ ಲೋಕವಾರ್ತೆಯಾಯಿತು.

ಆದರೆ ಈ ಏಳಿಗೆಯ ಕಥೆಯಲ್ಲಿ ವಿಷಾದದ ಒಂದು ಎಳೆಯೂ ಉಂಟು. ಎಲ್ಲರಿಗಿಂತ ಮೊದಲು ಬಾಗಿಲು ತೆರೆದ ತಿರುಮಲಾಂಬಾ ಅವರನ್ನು ನಾಡು ಬಹುಬೇಗ ಮರೆಯಿತು. ಅವರ ಲೇಖನಿ ನಿಂತಿತು. ಪುಸ್ತಕಗಳು ಅಂಗಡಿಗಳಿಂದ ಮರೆಯಾದುವು. ಪತ್ರಿಕೆಯ ಸಂಚಿಕೆಗಳು ದುರ್ಲಭವಾದುವು. ಅವರು ದೀರ್ಘಾಯುಷಿಗಳು, ೧೯೮೨ರವರೆಗೆ ಬದುಕಿದ್ದರು. ಆದರೆ ಅವರು ಬದುಕಿರುವ ಸಂಗತಿಯೇ ಸಾಹಿತ್ಯಲೋಕದಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಅವರ ಕೊನೆಯ ದಿನಗಳಲ್ಲಿ ಸಂಶೋಧಕಿಯರು ಅವರ ಕಡೆಗೆ ನಾಡಿನ ಕಣ್ಣನ್ನು ತಿರುಗಿಸಿದರು. ಬೆಂಗಳೂರಿನ ‘ಶಾಶ್ವತಿ’ ಸಂಸ್ಥೆ ಲೇಖಕಿಯರ ಕೃತಿಗಳಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ಬರೆಯುವುದು ಎಷ್ಟು ಮುಖ್ಯವೋ ಬರೆದುದನ್ನು ಕಾಪಾಡುವುದೂ ಅಷ್ಟೇ ಮುಖ್ಯ ಎಂಬ ಪಾಠ ಇದರಲ್ಲಿದೆ. ಹಳೆಯ ಪೆಟ್ಟಿಗೆಯಲ್ಲಿರುವ ಅಜ್ಜಿಯ ಪತ್ರಗಳನ್ನೂ, ಲೆಕ್ಕದ ಪುಸ್ತಕವನ್ನೂ ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ಓದಬೇಕು. ಅಕ್ಕಿಯ ಬೆಲೆ, ಮಗುವಿನ ಜ್ವರ, ಮಳೆಯ ದಿನಾಂಕ ಇವು ಅಂದು ಸಾಮಾನ್ಯ ಸಂಗತಿಗಳು. ಐವತ್ತು ವರ್ಷಗಳ ಮೇಲೆ ಅವೇ ಚರಿತ್ರೆ.

ಅಚ್ಚಾಗಿ ಮರೆತುಹೋದುದು ಇಷ್ಟಾದರೆ, ಇನ್ನೂ ಅಕ್ಷರವನ್ನೇ ಕಾಣದೆ ಉಳಿದಿರುವುದು ಎಷ್ಟಿರಬೇಕು! ಒಂದು ತಾಲೂಕನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನ ಪ್ರದೇಶ. ಒಂದು ಕಡೆ ಸಾಗವಾನಿಯ ಕಾಡು, ಇನ್ನೊಂದು ಕಡೆ ಭತ್ತ, ಗೋವಿನಜೋಳಗಳ ಹೊಲಗಳು; ನಡುವೆ ಹಕ್ಕಿಗಳಿಗೆ ಹೆಸರಾದ ಅತ್ತಿವೇರಿಯ ಕೆರೆ. ಇಲ್ಲಿ ಕನ್ನಡದ ಜೊತೆಗೆ ಮರಾಠಿ, ಕೊಂಕಣಿ, ಉರ್ದು, ಲಂಬಾಣಿ ನುಡಿಗಳು ಕಿವಿಗೆ ಬೀಳುತ್ತವೆ. ೧೯೬೬ರಿಂದ ಇಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಇದೆ.

ಈ ಒಂದೇ ತಾಲೂಕಿನ ಹೆಂಗಸರ ದಿನಚರಿಯಲ್ಲಿ ಎಷ್ಟು ಬಗೆ! ಬಹು ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿ ಜನರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಹೊಲಿದು ಬಣ್ಣಬಣ್ಣದ ಕೌದಿಗಳನ್ನು ಮಾಡುತ್ತಾರೆ. ಎಮ್ಮೆಗಳನ್ನು ಸಾಕುವ ಗೌಳಿಗರ ಹೆಂಗಸರ ಹೊತ್ತು ಹಾಲು, ಮೊಸರು, ಮೇವುಗಳ ಸುತ್ತ ಸುತ್ತುತ್ತದೆ. ಟಿಬೆಟಿನ ಮದುವೆಯಾದ ಹೆಂಗಸರು ಪಟ್ಟೆ ಪಟ್ಟೆಯ ಮುಂಗವಚವನ್ನು ಕಟ್ಟಿಕೊಳ್ಳುತ್ತಾರೆ. ಚಳಿಗಾಲ ಬಂತೆಂದರೆ ಸ್ವೆಟರುಗಳ ವ್ಯಾಪಾರಕ್ಕಾಗಿ ದೂರದ ನಗರಗಳಿಗೆ ಹೊರಡುವ ಸಂಸಾರಗಳು ಅಲ್ಲಿವೆ. ಹಿಮದ ನಾಡಿನಲ್ಲಿ ಹುಟ್ಟಿದ ಅಜ್ಜಿಯೊಬ್ಬಳು ಮುಂಡಗೋಡದ ಮೊದಲ ಮಳೆಗಾಲವನ್ನು ಹೇಗೆ ಕಂಡಳು? ಕೌದಿಯ ಯಾವ ತುಂಡು ಯಾರ ಸೀರೆಯದು? ಕಾಡಿನಲ್ಲಿ ಮೇವು ಕಡಮೆಯಾದಾಗ ಗೌಳಿಗರ ಮನೆಯಲ್ಲಿ ಏನು ಮಾತಾಯಿತು? ಇವನ್ನು ಬಲ್ಲವರು ಆ ಮನೆಗಳವರೇ. ಅವರು ಹೇಳದಿದ್ದರೆ, ಅವರ ಮಕ್ಕಳು ಮೊಮ್ಮಕ್ಕಳು ಬರೆಯದಿದ್ದರೆ, ಯಾವ ವಿಶ್ವವಿದ್ಯಾನಿಲಯವೂ ಅದನ್ನು ಹೊಸದಾಗಿ ಸೃಷ್ಟಿಸಲಾರದು.

೨೦೧೧ರ ಜನಗಣತಿಯ ವೇಳೆಗೆ ಕರ್ನಾಟಕದಲ್ಲಿ ನೂರಕ್ಕೆ ಅರವತ್ತೆಂಟು ಮಂದಿ ಸ್ತ್ರೀಯರು ಅಕ್ಷರಸ್ಥರಾಗಿದ್ದರು. ಅಚ್ಚುಮೊಳೆಗಳ ಕಾಲವೂ ಮುಗಿಯಿತು. ಇಂದು ಅಂಗೈಯಲ್ಲಿರುವ ದೂರವಾಣಿಯೇ ಲೇಖನಿ, ಅದೇ ಮುದ್ರಣಾಲಯ, ಅದೇ ಅಂಚೆ. ತಿರುಮಲಾಂಬಾ ಅವರಿಗೆ ಇದ್ದ ಅಡ್ಡಿಗಳಲ್ಲಿ ಅನೇಕವು ಇಲ್ಲವಾಗಿವೆ. ಆದರೆ ಅಡ್ಡಿ ಕಡಮೆಯಾದಾಗ ಹೊಣೆ ಹೆಚ್ಚುತ್ತದೆ. ನಿತ್ಯಜೀವನವನ್ನು ಬರೆಯುವವರಿಗೆ ಮೂರು ಗುಣಗಳು ಅವಶ್ಯಕ. ಮೊದಲನೆಯದು ಸತ್ಯನಿಷ್ಠೆ: ಕಂಡುದನ್ನು ಕಂಡಂತೆ, ಕೇಳಿದುದನ್ನು ಕೇಳಿದುದೆಂದೇ ಬರೆಯಬೇಕು. ಎರಡನೆಯದು ಖಚಿತತೆ: ‘ಹಬ್ಬದಲ್ಲಿ ಬಗೆಬಗೆಯ ತಿನಿಸು ಮಾಡಿದರು’ ಎಂಬುದಕ್ಕಿಂತ ಯಾವ ತಿನಿಸು, ಯಾವ ಹಿಟ್ಟು, ಎಷ್ಟು ಬೆಲ್ಲ ಎಂಬುದನ್ನು ತಿಳಿಸುವ ವಾಕ್ಯ ಹೆಚ್ಚು ಕಾಲ ಬಾಳುತ್ತದೆ. ಮೂರನೆಯದು ದಾಕ್ಷಿಣ್ಯ: ಇನ್ನೊಬ್ಬರ ನೋವನ್ನು ಬರೆಯುವಾಗ ಅವರ ಮಾನಕ್ಕೆ ಕು೦ದು ಬಾರದಂತೆ ನೋಡಿಕೊಳ್ಳಬೇಕು. ನಿಜವನ್ನು ಹೇಳಿಯೂ ಹೆಸರನ್ನು ಮರೆಮಾಡಿದ ಸಂಪಾದಕರ ಜಾಣ್ಮೆ ಈ ವಿಷಯದಲ್ಲಿ ಅನುಕರಣೀಯ.

ಮನೆವಾರ್ತೆಯನ್ನು ಬರೆಯುವ ಕೆಲಸ ಹೆಂಗಸರೊಬ್ಬರದೇ ಎಂದು ತಿಳಿಯಬಾರದು. ಅದು ಇಷ್ಟು ಕಾಲ ಹೆಂಗಸರ ಪಾಲಿಗೆ ಉಳಿದುದು ಮನೆಯ ದುಡಿಮೆ ಅವರ ಪಾಲಿಗೆ ಉಳಿದುದರಿಂದ. ದುಡಿಮೆಯನ್ನು ಹಂಚಿಕೊಂಡ ಮನೆಯಲ್ಲಿ ಅದರ ಅರಿವೂ ಹಂಚಿಹೋಗುತ್ತದೆ. ತಾಯಿಗೂ ಲೇಖನಿ ಹಿಡಿಯಲು ಒಂದಿಷ್ಟು ಬಿಡುವು ದೊರೆಯುತ್ತದೆ. ಕಾಗದ, ಅಕ್ಷರ, ಅಚ್ಚು ಇವೆಲ್ಲ ದೊರೆತ ಮೇಲೆಯೂ ಬಹುಮಂದಿ ತಾಯಂದಿರಿಗೆ ಇನ್ನೂ ದೊರೆಯದಿರುವುದು ಆ ಬಿಡುವು ಒಂದೇ. ಅದನ್ನು ದೊರಕಿಸಿಕೊಡುವುದು ಮನೆಯ ಉಳಿದವರೆಲ್ಲರ ಕರ್ತವ್ಯ. ಆ ಬಿಡುವಿನಲ್ಲಿ ಮೂಡುವ ನಾಲ್ಕು ಸಾಲುಗಳು ನಾಳೆಯ ಕನ್ನಡಿಗರಿಗೆ ಇಂದಿನ ಬಾಳನ್ನು ತಿಳಿಸುವ ಶಾಸನಗಳಾದಾವು.

ಪದಗಳ ಅರ್ಥ

ಬುತ್ತಿ – ದಾರಿಗೆ ಕಟ್ಟಿಕೊಂಡು ಹೋಗುವ ಊಟ. ಊಳಿಗ – ಸೇವೆ, ಚಾಕರಿ. ಸಂಚಿ – ಎಲೆ-ಅಡಕೆಯ ಚೀಲ. ಗರತಿ – ಗೃಹಿಣಿ, ಸದ್ಗೃಹಿಣಿ. ಕರಡಚ್ಚು – ತಪ್ಪು ತಿದ್ದುವುದಕ್ಕಾಗಿ ತೆಗೆದ ಮೊದಲ ಅಚ್ಚು. ಬವಣೆ – ಕಷ್ಟ, ತೊಳಲಾಟ. ಅಳುಕು – ಹಿಂಜರಿಕೆ, ಭಯ. ಕೌದಿ – ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ. ದಾಕ್ಷಿಣ್ಯ – ಇತರರ ಮನಸ್ಸನ್ನು ನೋಯಿಸದಿರುವ ಗುಣ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ‘ಗರತಿಯ ಹಾಡು’ ಯಾವ ವರ್ಷದಲ್ಲಿ ಪ್ರಕಟವಾಯಿತು?
೨. ತಿರುಮಲಾಂಬಾ ಅವರು ಸ್ಥಾಪಿಸಿದ ಪ್ರಕಟಣ ಸಂಸ್ಥೆಯ ಹೆಸರೇನು?
೩. ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿದವರು ಯಾರು?
೪. ‘ವೈದೇಹಿ’ ಎಂಬ ಹೆಸರನ್ನು ಕೊಟ್ಟವರು ಯಾರು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
೧. ರಾಸಸುಂದರೀ ದೇವಿ ಓದಲು ಕಲಿತ ಬಗೆಯನ್ನು ವಿವರಿಸಿರಿ.
೨. ಹಿಂದಿನ ಕಾಲದಲ್ಲಿ ಪತ್ರಿಕೆಯನ್ನು ನಡೆಸುವುದು ಏಕೆ ಕಷ್ಟವಾಗಿದ್ದಿತು?
೩. ‘ಫಣಿಯಮ್ಮ’ ಕಾದಂಬರಿ ಮೂರು ತಲೆಮಾರುಗಳ ಮಾತಿನಿಂದ ಹುಟ್ಟಿದುದು ಹೇಗೆ?
೪. ನಿತ್ಯಜೀವನವನ್ನು ಬರೆಯುವವರಲ್ಲಿ ಇರಬೇಕಾದ ಗುಣಗಳಾವುವು?

ಇ. ಸಂದರ್ಭವನ್ನು ಸೂಚಿಸಿ ವಿವರಿಸಿರಿ.
೧. “ಬರೆದಿಟ್ಟ ಮಾತಿಗೆ ಆಯುಷ್ಯ ಹೆಚ್ಚು.”
೨. “ಮನೆಯೊಳಗೆ ಕಾಲಿಡಬಾರದೆಂದವರ ಮನೆಯೊಳಗೆ ಅವರ ಮಾತು ಕಾಲಿಟ್ಟಿತು.”
೩. “ಅಡ್ಡಿ ಕಡಮೆಯಾದಾಗ ಹೊಣೆ ಹೆಚ್ಚುತ್ತದೆ.”

ಈ. ಭಾಷಾಭ್ಯಾಸ
೧. ಬಿಡಿಸಿ ಸಂಧಿಯ ಹೆಸರನ್ನು ತಿಳಿಸಿರಿ: ಎಂದೊಡನೆ, ಮಾತೊಂದು, ದೀರ್ಘಾಯುಷಿ.
೨. ವಿಗ್ರಹಿಸಿ ಸಮಾಸದ ಹೆಸರನ್ನು ತಿಳಿಸಿರಿ: ಮನೆವಾರ್ತೆ, ಅಂಗೈ, ಬಾಲವಿಧವೆ.
೩. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಕೈಕಟ್ಟಿ ಕೂರು, ದಾರಿ ಕಾಯು, ಮೂಲೆ ಸೇರು.

ಉ. ಮನೆಯ ಹಿರಿಯ ಹೆಂಗಸೊಬ್ಬರು ತಮ್ಮ ಬಾಲ್ಯದ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಕಳೆಯುತ್ತಿದ್ದರೆಂಬುದನ್ನು ಕೇಳಿ ತಿಳಿದುಕೊಂಡು, ಅವರ ಒಪ್ಪಿಗೆಯನ್ನು ಪಡೆದು, ಎರಡು ಪುಟಗಳಿಗೆ ಮೀರದಂತೆ ಬರೆಯಿರಿ.